ಗಾಡಿ ಇಳಿಯದವಳು

ಗಂಡಸಿ ಬಳಿಯ ನಮ್ಮೂರಿನಲ್ಲಿ ದಲಿತರ ಕಾಲೋನಿಯವರು ನಮ್ಮ ಬೀದಿಗೆ ಬಂದರೆ ಗಾಡಿ ಇಳಿದು ತಳ್ಳಿಕೊಂಡು ಹೋಗಬೇಕಿತ್ತು. ಅದನ್ನು ಮರ್ಯಾದೆ ಎನ್ನುತ್ತಿದ್ದ ನನ್ನ ಬಾಯಿಗೆ ಮಣ್ಣು ಬೀಳಲಿ.

ಯೂನಿವರ್ಸಿಟಿ ಸೇರಿದ ಕಾಲೋನಿಯ ಹುಡುಗಿಯೊಬ್ಬಳು ಮಾತ್ರ ಕೊರಳಲ್ಲಿ ಐಡಿ ಕಾರ್ಡ್ ಹಾರಿಸಿಕೊಂಡು ಸ್ಕೂಟಿಯಲ್ಲೇ ಹೋಗುತ್ತಿದ್ದಳು. ಜಗಲಿಯಿಂದ ಯಾರು ಗದರಿದರೂ ಅವಳದು ಒಂದೇ ಮಾತು: "ಪೆಟ್ರೋಲ್ ಐತಲ್ಲ ತಾತ, ಯಾಕ್ ತಳ್ಳಲಿ?"

ಒಂದು ದಿನ ನಾನೇ ಅಡ್ಡ ನಿಂತು ಕೀ ಕಿತ್ತುಕೊಂಡೆ.

"ಇಳಿಯೇ! ನಾಕಕ್ಷರ ಕಲ್ತಿದ್ದಕ್ಕೇ ಇಷ್ಟು ಕೊಬ್ಬಾ?"

ಅವಳು ಇಳಿಯಲಿಲ್ಲ. ಓಡಿ ಬಂದ ಅವಳಪ್ಪ ನನಗೆ ಕೈಮುಗಿದು, "ಇಳಿಯವ್ವ, ತಳ್ಕಂಡು ಹೋಗಾನ" ಎಂದು ಗೋಗರೆದ.

"ತಳ್ಳಪ್ಪ. ನಾನು ಇಳಿಯಕ್ಕಿಲ್ಲ."

ಅವನು ಅವಳನ್ನು ಕೂರಿಸಿಕೊಂಡೇ ತಳ್ಳಿದ. ಅವಳು ನಮ್ಮೊಬ್ಬೊಬ್ಬರ ಮುಖವನ್ನೂ ನೋಡುತ್ತಾ ನೆಟ್ಟಗೆ ಕೂತಿದ್ದಳು. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಅವಳಪ್ಪನ ಬಗ್ಗಿದ ತಲೆಯೂ ಮೇಲೆದ್ದಿತ್ತು. ನಾನು ಕೀ ಹಿಡಿದುಕೊಂಡು ಕಳ್ಳನ ಹಾಗೆ ನಿಂತಿದ್ದೆ.