ಗಾಳಿರಾಯನ ಮುಸುಕು

ಮುಸುಕು ಹಾಕಿಕೊಂಡು ಆಕಾಶದಲ್ಲಿ ಹಾರಾಡುವ ಗಂಡಸರ ವಿಷಯದಲ್ಲಿ ನನಗೆ ಮೊದಲಿನಿಂದಲೂ ಒಂದು ಅನುಮಾನ. ಕಣ್ಣಿನ ಮೇಲೆ ಎರಡು ಬೆರಳಗಲದ ಕಪ್ಪು ಬಟ್ಟೆ ಕಟ್ಟಿಕೊಂಡ ಮಾತ್ರಕ್ಕೆ ಹೆಂಡತಿಗಾಗಲಿ ಮಕ್ಕಳಿಗಾಗಲಿ ಪಕ್ಕದ ಮನೆಯವರಿಗಾಗಲಿ ಗುರುತು ಸಿಗುವುದಿಲ್ಲ ಎಂದರೆ ನಂಬುವುದು ಹೇಗೆ? ನಮ್ಮ ಮತ್ತಿಕೆರೆಯ ವಠಾರದಲ್ಲಂತೂ ಅದು ನಡೆಯುವ ಮಾತಾಗಿರಲಿಲ್ಲ. ಕೊನೇ ಮನೆಯ ಸೀತಮ್ಮನವರು ಅಡುಗೆಮನೆಯಲ್ಲಿ ಕೂತುಕೊಂಡೇ, ಬರಿಯ ಕೆಮ್ಮಿನ ಮೇಲೆ, ಬಂದವರು ಯಾರು, ಬೀಡಿ ಸೇದಿ ಬಂದರೋ ನಶ್ಯ ಏರಿಸಿ ಬಂದರೋ ಎಂದು ಹೇಳಿಬಿಡುತ್ತಿದ್ದರು. ನಿಜ, ನಾನು ಒಮ್ಮೆ ಮೀಸೆ ಬೋಳಿಸಿಕೊಂಡು ಬಂದಾಗ ನನ್ನ ಹೆಂಡತಿಗೆ ಅದು ಕಂಡದ್ದು ಮೂರನೆಯ ದಿನ. ಆದರೆ ಅದು ನನ್ನ ಮೀಸೆಯ ಯೋಗ್ಯತೆಗೆ ಸಂಬಂಧಿಸಿದ ವಿಷಯ.

ಈ ಅನುಮಾನವನ್ನು ಐವತ್ತರ ದಶಕದ ನಡುವಿನ ಒಂದು ಭಾನುವಾರ ಬಾಷಾನ ಸೈಕಲ್ ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಿ, ಎಂಟು ಹತ್ತು ಮಕ್ಕಳ ಕೆಂಗಣ್ಣಿಗೆ ಗುರಿಯಾದೆ. ಬಾಷಾ ಗಂಟೆಗಿಷ್ಟು ಎಂದು ಬಾಡಿಗೆ ಸೈಕಲ್ ಕೊಡುವವನು, ಪಂಕ್ಚರ್ ಹಾಕುವವನು. ಅವನ ಅಂಗಡಿಗೆ ಮಕ್ಕಳ ವಾರಪತ್ರಿಕೆಯೊಂದು ಬರುತ್ತಿತ್ತು. ಅದರ ಕೊನೆಯ ಪುಟದಲ್ಲಿ ಗಾಳಿರಾಯನೆಂಬ ವೀರನ ಚಿತ್ರಕಥೆ. ಗಾಳಿರಾಯ ಹಾರುತ್ತಾನೆ, ಬೀಳುವ ಸೇತುವೆಯನ್ನು ಬೆನ್ನಿನಿಂದ ಎತ್ತಿ ಹಿಡಿಯುತ್ತಾನೆ, ಕೆಟ್ಟವರನ್ನು ಚೆನ್ನಾಗಿ ಬಾರಿಸುತ್ತಾನೆ, ಕೊನೆಯ ಚಿತ್ರದಲ್ಲಿ ಬೆನ್ನು ತಿರುಗಿಸಿಕೊಂಡು ಒಬ್ಬನೇ ಹೊರಟುಹೋಗುತ್ತಾನೆ. ಅವನು ಯಾರು ಎಂದು ಪತ್ರಿಕೆಯವರು ಹೇಳುತ್ತಿರಲಿಲ್ಲ. ಅವರಿಗೇ ಗೊತ್ತಿರಲಿಲ್ಲವೆಂದು ನನ್ನ ಗುಮಾನಿ.

ಪತ್ರಿಕೆಯವರು ಹೇಳದೆ ಬಿಟ್ಟದ್ದನ್ನು ಮಕ್ಕಳು ಹೇಳುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ‘ಪಾಯಿಂಟು ಹಾಕೋದು’. ಗಾಳಿರಾಯ ಹಗಲಿನಲ್ಲಿ ಯಶವಂತಪುರದ ಸ್ಟೇಷನ್ ಮಾಸ್ಟರು, ಇಲ್ಲದಿದ್ದರೆ ಯಾವ ರೈಲು ಎಲ್ಲಿ ಹಳಿ ತಪ್ಪುತ್ತದೆಂದು ಅವನಿಗೆ ಹೇಗೆ ಗೊತ್ತಾಗಬೇಕು ಎಂದು ಒಬ್ಬನ ಪಾಯಿಂಟು. ಸೊಂಟದ ಪಟ್ಟಿಯ ಬಿಲ್ಲೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಇರುತ್ತದೆ, ಆದ್ದರಿಂದ ಗಾಳಿರಾಯರು ಇಬ್ಬರು, ಅವಳಿ ಜವಳಿ ಎಂದು ಇನ್ನೊಬ್ಬನದು. ಅಚ್ಚಿನ ಮನೆಯಲ್ಲಿ ಚಿತ್ರದ ಬ್ಲಾಕು ತಿರುವುಮುರುವಾಗಿದೆ ಅಷ್ಟೇ ಎಂದು ನಾನು ವಿದ್ವತ್ತು ಮೆರೆದೆ. ಆ ಹುಡುಗ ನನ್ನನ್ನು ನೋಡಿದ ರೀತಿಯಲ್ಲಿ ನಿಜಕ್ಕೂ ಕನಿಕರವಿತ್ತು.

ನಗಬೇಡಿ. ಗುಡಿಯ ಕಟ್ಟೆಯ ಮೇಲೆ ಹರಿಕಥೆ ಮುಗಿದ ಮೇಲೆ ನಮ್ಮ ಹಿರಿಯರು ಮಾಡುತ್ತಿದ್ದುದೂ ಇದನ್ನೇ. ವೇಷ ಮರೆಸಿಕೊಂಡ ರಾಜನ ದನಿ ಅವನ ಆಸ್ಥಾನದವರಿಗೇ ಯಾಕೆ ಗುರುತು ಹತ್ತಲಿಲ್ಲ, ಶಾಪ ಕೊಟ್ಟ ಋಷಿಗೆ ಆಮೇಲೆ ನಿದ್ದೆ ಬಂತೋ ಇಲ್ಲವೋ ಎಂದು ವಾದಕ್ಕೆ ಕೂತರೆ ದಾಸರು ತಂಬೂರಿ ಕಟ್ಟಿಕೊಂಡು ಮನೆ ಸೇರಿದ್ದರೂ ಇವರು ಏಳುತ್ತಿರಲಿಲ್ಲ. ಕಥೆಯಲ್ಲಿ ಬಿಟ್ಟ ಜಾಗವನ್ನು ಮನುಷ್ಯ ತನ್ನ ಮನೆಯ ಸಾಮಾನಿನಿಂದಲೇ ತುಂಬಿಸುತ್ತಾನೆ. ಇದು ನನಗೆ ಅರ್ಥವಾದದ್ದು ಸ್ವಲ್ಪ ತಡವಾಗಿ.

ಈಗ ನನ್ನ ಕಥೆ ಹೇಳಬೇಕು. ನಾನು ಯಶವಂತಪುರದ ಕಡೆಯ ಒಂದು ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಆ ಕಾಲದಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವುದೆಂದರೆ ಮೇಷ್ಟರ ಕೈಗೆ ಒಪ್ಪಿಸುವುದು. ಕೆಂಪಾಪುರದ ಕಡೆಯಿಂದ ಬಂದ ರೈತರೊಬ್ಬರು ಮಗನನ್ನು ನನ್ನ ಮುಂದೆ ನಿಲ್ಲಿಸಿ, “ಕಣ್ಣೆಲ್ಡು ಬುಟ್ಟು ಮಿಕ್ಕಿದ್ದೆಲ್ಲಾ ನಿಮ್ದೇಯ ಸಾಮಿ, ಚೆನ್ನಾಗಿ ಒಡೀರಿ” ಎಂದು ಕೈಮುಗಿದು ಹೋಗಿದ್ದರು. ಆತ ಮಗನನ್ನು ಪ್ರೀತಿಸುತ್ತಿರಲಿಲ್ಲವೆಂದು ತಿಳಿಯಬೇಡಿ. ಹೋಗುವಾಗ ಅವನ ಜೇಬಿಗೆ ಕಡಲೆಕಾಯಿ ತುಂಬಿದ್ದನ್ನು ನಾನು ನೋಡಿದ್ದೇನೆ. ನನ್ನ ಮೇಜಿನ ಮೇಲೆ ಹುಣಸೆ ಬರಲೊಂದು ಯಾವಾಗಲೂ ಇರುತ್ತಿತ್ತು. ಮೇಷ್ಟರ ಮಕ್ಕಳು ಅದೇ ಶಾಲೆಯಲ್ಲಿ ಓದುತ್ತಿದ್ದರೆ ಅವರಿಗೆ ಒಂದು ಏಟು ಹೆಚ್ಚು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಎಲ್ಲ ಮೇಷ್ಟರೂ ಪಾಲಿಸುತ್ತಿದ್ದರು. ಸ್ವಂತ ಮಗುವೆಂದು ಪಕ್ಷಪಾತ ಮಾಡಿದ ಎಂಬ ಮಾತು ಬರಬಾರದಲ್ಲ!

ನನ್ನ ಮಗಳು ಪದ್ಮ, ಒಂಬತ್ತು ವರ್ಷದವಳು, ನನ್ನ ತರಗತಿಯಲ್ಲೇ ಇದ್ದಳು. ಲೆಕ್ಕ ತಪ್ಪಿದರೆ ಬೇರೆಯವರಿಗೆ ಒಂದು, ಪದ್ಮನಿಗೆ ಎರಡು. ಇಡೀ ತರಗತಿ ಗಲಾಟೆ ಮಾಡಿದರೆ ಶುರು ಅವಳಿಂದಲೇ. “ಸ್ವಂತ ಮಗಳು ಅಂತಾನೂ ನೋಡಲ್ಲ ಕಣ್ರೀ ನಮ್ಮ ಮೇಷ್ಟ್ರು” ಎಂದು ಊರವರು ಹೊಗಳಿದಾಗ ನಾನು ಬೇಡ ಬೇಡವೆನ್ನುತ್ತಲೇ ಉಬ್ಬುತ್ತಿದ್ದೆ. ನ್ಯಾಯವಂತನೆನ್ನಿಸಿಕೊಳ್ಳಲು ನಾನು ಖರ್ಚು ಮಾಡಿದ್ದು ಆ ಮಗುವಿನ ಅಂಗೈ.

ಸಂಜೆ ಮನೆಗೆ ಬಂದರೆ ನಾನು ಬೇರೆಯೇ ಮನುಷ್ಯ. ಅವಳನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ಕೆರೆ ಏರಿಯ ಮೇಲೆ ಸುತ್ತಾಡಿಸುತ್ತಿದ್ದೆ. ದೂರದಲ್ಲಿ ಗೂಡ್ಸು ರೈಲು ಹೋದರೆ ಡಬ್ಬಿ ಎಣಿಸುವುದರಲ್ಲಿ ಪಂದ್ಯ. ಶಾಲೆಯಲ್ಲಿ ನಾನು “ಸಾರ್”, ಮನೆಯಲ್ಲಿ “ಅಪ್ಪಾ, ನೀನು ಮೋಸ ಮಾಡ್ದೆ” ಎಂದು ಹೆಗಲಿಗೆ ಗುದ್ದಿಸಿಕೊಳ್ಳುವವನು. ಶಾಲೆಯ ವಿಷಯವನ್ನು ಅವಳು ಮನೆಯಲ್ಲಿ ಒಂದು ದಿನವೂ ಎತ್ತಿದ್ದಿಲ್ಲ. ಕೆಲವು ರಾತ್ರಿ ಊಟಕ್ಕೆ ಕೂತಾಗ ಮಾತ್ರ ಅಮ್ಮನ ಹತ್ತಿರ ಕೈತುತ್ತು ಹಾಕಿಸಿಕೊಳ್ಳುತ್ತಿದ್ದಳು. “ಕತ್ತೆಯಷ್ಟಾಗಿದೀಯ, ನಿನಗಿನ್ನೂ ತುತ್ತು ಬೇಕೇನೇ?” ಎಂದು ನಾನು ಹಾಸ್ಯ ಮಾಡುತ್ತಿದ್ದೆ. ಅವಳೂ ನಗುತ್ತಿದ್ದಳು. ನನ್ನ ಹೆಂಡತಿ ನಗುತ್ತಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ.

ಭಾನುವಾರ ಸೈಕಲ್ ಅಂಗಡಿಯ ಗುಂಪಿನಲ್ಲಿ ಪದ್ಮನೂ ಇರುತ್ತಿದ್ದಳು. ಒಂದು ದಿನ ನನಗೆ ತನ್ನ ಪಾಯಿಂಟು ಹೇಳಿದಳು. ಗಾಳಿರಾಯನಿಗೆ ತಾನು ಗಾಳಿರಾಯ ಅಂತ ಗೊತ್ತೇ ಇಲ್ಲವಂತೆ. ಅವನು ಮುಸುಕು ಹಾಕಿಕೊಳ್ಳುವ ಚಿತ್ರವನ್ನಾಗಲಿ ತೆಗೆಯುವ ಚಿತ್ರವನ್ನಾಗಲಿ ಇದುವರೆಗೂ ಯಾರಾದರೂ ನೋಡಿದ್ದಾರೆಯೇ? ಮುಸುಕು ಬಂದ ಕೂಡಲೇ ಅವನು ಬೇರೆಯವನು, ಹೋದ ಕೂಡಲೇ ಎಲ್ಲ ಮರೆತುಹೋಗುತ್ತದೆ. “ಕುಡುಕರಿಗೂ ಹಂಗೇ ಆಗುತ್ತೆ” ಎಂದು ನಾನು ನಕ್ಕು ಅರ್ಧ ಮಾರ್ಕು ಕೊಟ್ಟೆ. ಅವಳು ಮುಂದೆ ಏನೋ ಹೇಳಲು ಹೋಗಿ ಸುಮ್ಮನಾದಳು.

ಉಳಿದರ್ಧವನ್ನು ಹೇಳಿದವನು ಬಾಷಾ. ಚಕ್ರಕ್ಕೆ ಗಾಳಿ ಹೊಡೆಸಲು ಹೋಗಿದ್ದೆ. ಅವನು ಪಂಪು ಕೆಳಗಿಟ್ಟು, ಬಹಳ ಹೊತ್ತು ಕೈ ಒರೆಸಿಕೊಂಡ.

“ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನಿಮ್ಮ ಬಚ್ಚಿ ಗಾಳಿರಾಯಂದು ಒಂದು ಪಾಯಿಂಟ್ ಹಾಕಿದ್ಲು. ನಾನು ಕೇಳ್ದೆ, ಹೆಂಗಮ್ಮಾ ಗೊತ್ತು ನಿಂಗೆ ಅಂತ. ನಮ್ಮಪ್ಪನೂ ಹಂಗೇ ಬಾಷಣ್ಣ ಅಂದ್ಲು.”

“ಏನಂದ್ಲು?”

“ಸ್ಕೂಲಲ್ಲಿ ಹೊಡೆಯೋದು ಮನೇಲಿರೋ ಅಪ್ಪಂಗೆ ಗೊತ್ತಿಲ್ವಂತೆ. ಗೊತ್ತಾದ್ರೆ ಪಾಪ ಅತ್ತುಬಿಡ್ತಾರಂತೆ. ಅದಕ್ಕೇ ಕೈ ಊದಿರೋದು ಕಾಣದೇ ಇರ್ಲಿ ಅಂತ ಅಮ್ಮನ ಹತ್ರ ತುತ್ತು ಹಾಕಿಸ್ಕೋತಾಳಂತೆ.” ಬಾಷಾ ನನ್ನ ಮುಖ ನೋಡದೆ ಹೇಳಿದ. “ನಾನೂ ನಮ್ಮ ಹುಡುಗರಿಗೆ ಹೊಡೀತಿದ್ದೆ ಸಾರ್. ಅವತ್ತಿಂದ ಕೈ ಏಳ್ತಿಲ್ಲ.”

ಸೈಕಲ್ಲನ್ನು ಅಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಬಂದೆ. ನನಗೆ ನನ್ನ ಮೇಲೆ ಹೇಸಿಗೆಯಾಯಿತು ಎಂದಷ್ಟೇ ಹೇಳಿದರೆ ಕಡಿಮೆಯಾಗುತ್ತದೆ. ಆ ಮಗು ಒಂದು ವರ್ಷದಿಂದ ನನ್ನನ್ನು ನನ್ನಿಂದಲೇ ಕಾಪಾಡಿಕೊಂಡು ಬಂದಿತ್ತು. ಅವಳ ಪ್ರೀತಿಗೆ ಒಬ್ಬ ಅಪ್ಪ ಬೇಕಾಗಿದ್ದ. ಇದ್ದವನು ಸಾಲದಾಗಿದ್ದರಿಂದ ಇಬ್ಬರನ್ನಾಗಿ ಮಾಡಿಕೊಂಡಿದ್ದಳು.

ಇಲ್ಲಿಗೆ ನಾನು ಬರಲನ್ನು ಮುರಿದು ಒಲೆಗೆ ಹಾಕಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಬರಲನ್ನೇನೋ ಒಲೆಗೆ ಹಾಕಿದೆ. ಸುಮ್ಮನಿರುವುದು ಮೇಷ್ಟರ ಜಾತಿಗೆ ಬಂದದ್ದಲ್ಲ. ತಪ್ಪನ್ನು ತಿದ್ದಿ, ತಿದ್ದಿದ್ದೇನೆಂದು ಕೆಂಪು ಮಸಿಯಲ್ಲಿ ಬರೆಯಬೇಕು. ಮರುದಿನ ಸಂಜೆ ಕೆರೆ ಏರಿಯ ಮೇಲೆ ಅವಳನ್ನು ಕೂರಿಸಿಕೊಂಡು ಹೇಳಿದೆ: “ಪದ್ದೂ, ಸ್ಕೂಲಲ್ಲಿ ಹೊಡೆಯೋದು ನಾನೇ ಕಣೆ. ನನಗೆ ಎಲ್ಲಾ ಗೊತ್ತಿರುತ್ತೆ, ಎಲ್ಲಾ ನೆನಪಿರುತ್ತೆ. ತಪ್ಪಾಯ್ತು. ಇನ್ನು ಮೇಲೆ ಯಾವತ್ತೂ ಹೊಡೆಯಲ್ಲ.”

ಅವಳು ನನ್ನ ಕೊರಳಿಗೆ ಜೋತುಬೀಳುತ್ತಾಳೆಂದು ಕಾದೆ. ಅವಳು ನೀರಿನ ಕಡೆ ನೋಡುತ್ತಾ ಕೂತಳು.

“ನಾನು ತುತ್ತು ಹಾಕಿಸ್ಕೊಳ್ಳೋವಾಗ ನೀನು ನಗ್ತಿದ್ಯಲ್ಲ” ಎಂದಳು. “ಆವಾಗಲೂ ನಿಂಗೆ ಗೊತ್ತಿತ್ತಾ?”

ಗೊತ್ತಿತ್ತೆಂದರೆ ಒಂದು ಪಾಪ, ಗೊತ್ತಾಗಲಿಲ್ಲವೆಂದರೆ ಅದಕ್ಕಿಂತ ದೊಡ್ಡದು. ಬೆಳಿಗ್ಗೆ ಹೊಡೆದ ಕೈ ರಾತ್ರಿ ಹೊತ್ತಿಗೆ ಊದಿರುತ್ತದೆಂದು ತಿಳಿಯದವನೇ ನಾನು? ತಿಳಿದುಕೊಳ್ಳಲು ಇಷ್ಟವಿರಲಿಲ್ಲ, ಅಷ್ಟೇ. “ಗೊತ್ತಿತ್ತು” ಎಂದೆ.

ಅವಳು ಅಳಲಿಲ್ಲ. ಎದ್ದು ಲಂಗ ಕೊಡವಿಕೊಂಡು ಮನೆಯ ಕಡೆ ನಡೆದಳು. ಆ ರಾತ್ರಿ ತಾನೇ ಕಲಸಿಕೊಂಡು ಉಂಡಳು. ಹುಣಸೆ ಬರಲಿನಿಂದ ಆಗದಿದ್ದುದು ನನ್ನ ಒಂದು ಒಳ್ಳೆಯ ಮಾತಿನಿಂದ ಆಯಿತು. ಅವಳ ಪಾಲಿಗೆ ಮನೆಯ ಅಪ್ಪ ಅವತ್ತು ತೀರಿಕೊಂಡ, ಸಾರ್ ಮಾತ್ರ ಉಳಿದರು. ಕೆಲವೇ ದಿನಗಳಲ್ಲಿ ಮನೆಯಲ್ಲೂ ನನ್ನನ್ನು ‘ನೀವು’ ಎನ್ನತೊಡಗಿದಳು. ಭಾನುವಾರ ಸೈಕಲ್ ಅಂಗಡಿಗೆ ಹೋಗುವುದು ನಿಂತಿತು. ಲೆಕ್ಕದಲ್ಲಿ ಒಂದೂ ತಪ್ಪು ಮಾಡಲಿಲ್ಲ, ಕರೆದಾಗ ಬಂದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಊರವರು ಎಂಥ ವಿಧೇಯ ಹುಡುಗಿ ಎಂದು ಮೆಚ್ಚಿಕೊಂಡರು. ನಾನು ಮಾತ್ರ ಗೂಡ್ಸು ರೈಲು ಹೋದಾಗಲೆಲ್ಲ ಒಬ್ಬನೇ ಡಬ್ಬಿ ಎಣಿಸಿ, ಬೇಕೆಂದೇ ತಪ್ಪು ಸಂಖ್ಯೆ ಹೇಳಿ, ಅವಳು ತಿದ್ದುತ್ತಾಳೇನೋ ಎಂದು ನೋಡುತ್ತಿದ್ದೆ. “ಇರ್ಬಹುದು” ಎನ್ನುತ್ತಿದ್ದಳು.

ಎರಡು ವರ್ಷಕ್ಕೆ ವಿಮಲ ಹುಟ್ಟಿದಳು. ಅವಳ ಮೇಲೆ ನಾನು ಕೈ ಎತ್ತಿದ್ದಿಲ್ಲ, ಶಾಲೆಯಲ್ಲೂ ಯಾರ ಮೇಲೂ ಎತ್ತಲಿಲ್ಲ. “ಮೇಷ್ಟ್ರು ಮೆತ್ತಗಾಗೋದ್ರು” ಎಂದು ಊರವರು ಬೇಸರಪಟ್ಟುಕೊಂಡರು. ವಿಮಲ ನನ್ನ ಬೆನ್ನೇರಿ ಬೆಳೆದಳು. ಪದ್ಮ ಅದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ನೋಟದಲ್ಲಿ ಹೊಟ್ಟೆಕಿಚ್ಚು ಇದ್ದಿದ್ದರೆ ನನಗೆಷ್ಟೋ ಸಮಾಧಾನವಾಗುತ್ತಿತ್ತು.

ವಿಮಲನಿಗೆ ಏಳು ವರ್ಷವಾಗಿದ್ದಾಗ ಪದ್ಮನ ಜೊತೆ ಓದಿದ ನನ್ನ ಹಳೆಯ ಶಿಷ್ಯನೊಬ್ಬ ತನ್ನ ಅಕ್ಕನ ಮದುವೆಯ ಕಾಗದ ಕೊಡಲು ಮನೆಗೆ ಬಂದ. ಕಾಫಿ ಕುಡಿಯುತ್ತಾ ಖುಷಿಯಿಂದಲೇ ಹಳೆಯದನ್ನೆಲ್ಲ ತೆಗೆದ. “ಏನ್ ಏಟು ಸಾರ್ ನಿಮ್ದು! ಪದ್ಮಂಗಂತೂ ಯಾವಾಗ್ಲೂ ಒಂದು ಜಾಸ್ತಿ” ಎಂದು ನಕ್ಕು, ನಮಸ್ಕಾರ ಮಾಡಿ ಹೋದ.

ಮಧ್ಯಾಹ್ನ ಊಟಕ್ಕೆ ಕೂತೆವು. ಹದಿನೆಂಟರ ಪದ್ಮ ಬಡಿಸುತ್ತಿದ್ದಳು. ವಿಮಲ ತಟ್ಟೆ ಮುಟ್ಟಿರಲಿಲ್ಲ. ನನ್ನನ್ನು ಒಮ್ಮೆ, ಅಕ್ಕನನ್ನು ಒಮ್ಮೆ ನೋಡಿದಳು.

“ಅಕ್ಕಾ, ಅಪ್ಪ ನಿಂಗೆ ಹೊಡೀತಿದ್ರಾ?”

ಹೌದು ಎಂದು ಹೇಳಲು ಪದ್ಮನಿಗೆ ಎಲ್ಲ ಹಕ್ಕೂ ಇತ್ತು.

“ಅಪ್ಪ ಅಲ್ಲ ಕಣೆ” ಎಂದಳು ಪದ್ಮ. “ಅದು ಬೇರೆ ಮೇಷ್ಟ್ರು. ಅಪ್ಪನ ಥರಾನೇ ಇದ್ರು. ವರ್ಗ ಆಗಿ ಎಲ್ಲೋ ಹೊರಟೋದ್ರು.”

“ಮತ್ತೆ ಆ ಅಣ್ಣ ಹೇಳಿದ್ದು?”

“ಅವನಿಗೆ ಮರ್ತೋಗಿದೆ. ಊಟ ಮಾಡು.”

ವಿಮಲ ಉಸಿರು ಬಿಟ್ಟು ಅನ್ನಕ್ಕೆ ಕೈ ಹಾಕಿದಳು. ಅದನ್ನು ಕ್ಷಮೆಯೆಂದುಕೊಳ್ಳಲು ನನಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಪದ್ಮ ನನ್ನ ಕಡೆ ನೋಡಲಿಲ್ಲ. ಅವಳ ಕಣ್ಣು ತಂಗಿಯ ಮೇಲಿತ್ತು. ತನಗೆ ಉಳಿಯದ ಅಪ್ಪ ಅವಳಿಗಾದರೂ ಉಳಿಯಲಿ ಎಂದು ಹೇಳಿದ ಮಾತು ಅದು, ನನಗಾಗಿ ಹೇಳಿದ್ದಲ್ಲ. ಮಕ್ಕಳನ್ನು ಹೇಗೆ ಸಾಕಬೇಕೆಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ, ನಾನಂತೂ ಅಲ್ಲವೇ ಅಲ್ಲ.

“ನಿಮಗೆ ಸಾರು ಹಾಕಲಾ?” ಎಂದು ಕೇಳಿದಳು.

ತಟ್ಟೆ ಮುಂದೆ ಮಾಡಿದೆ.