ಮೇಲೆ ಬಾರದ ಗೊದಮೊಟ್ಟೆಗಳು

ಮೂಡುಬಿದಿರೆಯ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಆ ವರ್ಷ ನನ್ನ ವಿಭಾಗದಲ್ಲಿ ಉಳಿದವಳು ಒಬ್ಬಳೇ ವಿದ್ಯಾರ್ಥಿನಿ, ಬೆಳ್ತಂಗಡಿ ಕಡೆಯ ರಬ್ಬರ್ ಕೃಷಿಕರ ಮಗಳು. ಅವಳೂ ಬಿಟ್ಟರೆ ವಿಭಾಗಕ್ಕೆ ಬೀಗ ಎಂದು ಪ್ರಿನ್ಸಿಪಾಲರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು. ಅವಳನ್ನು ಹಿಡಿದಿಡಲು ನಾನು ಬಾಹ್ಯಾಕಾಶವನ್ನೇ ಲ್ಯಾಬಿಗೆ ತರಲು ಹೊರಟೆ.

ತೂಕವೇ ಇಲ್ಲದ ಕಡೆ ಕಪ್ಪೆಯ ಮೊಟ್ಟೆ ಹೇಗೆ ಬೆಳೆಯುತ್ತದೆ? ಮೇಲೆ ಯಾವುದು, ಕೆಳಗೆ ಯಾವುದು ಎಂದು ತಿಳಿಯದ ಹಾಗೆ ಅದನ್ನು ನಿಧಾನವಾಗಿ ತಿರುಗಿಸುತ್ತಲೇ ಇದ್ದರೆ ಸ್ವಲ್ಪ ಮಟ್ಟಿಗೆ ನೋಡಬಹುದು. ಮೆಲ್ಕಾರಿನ ಗ್ರೈಂಡರ್ ರಿಪೇರಿಯವರು ಹಳೆಯ ಮೋಟಾರಿಗೆ ಹಲ್ಲುಚಕ್ರ ಜೋಡಿಸಿ, ಬಾಟಲಿಯೊಂದನ್ನು ನಿಧಾನವಾಗಿ ತಿರುಗಿಸುವ ಯಂತ್ರ ಮಾಡಿ ಕೊಟ್ಟರು. ಮಳೆಗಾಲ ಮುಗಿಯುತ್ತ ಬಂದಿತ್ತು. ಪುತ್ತಿಗೆಯ ಗದ್ದೆಯಂಚಿನ ಕೆಸರಿನಲ್ಲಿ ಹುಡುಕಿ, ಆ ವರ್ಷದ ಕೊನೆಯ ಮೊಟ್ಟೆಗಳನ್ನು ಇಬ್ಬರೂ ತಂದೆವು. ಗಾಳಿಗುಳ್ಳೆ ಇದ್ದರೆ ನೀರು ಕಲಕುತ್ತದೆಂದು ಬಾಟಲಿಯನ್ನು ಬಾಯಿತನಕ ತುಂಬಿದೆ. ಮರಿಗಳು ಹೊರಬಂದವು. ಅವಳು ಕ್ಯಾಂಟೀನಿಗೂ ಹೋಗದೆ ನೋಡುತ್ತ ಕೂತರೆ ನನಗೆ ಹಾಲು ಕುಡಿದಷ್ಟು ಸಂತೋಷ.

ಗ್ರಹಣದ ಭಾನುವಾರ ನೋಡಿಕೊಳ್ಳುವ ಸರದಿ ಅವಳದಾಗಿತ್ತು. ಮರುದಿನ ಹೋದರೆ ಯಂತ್ರ ನಿಂತಿದೆ, ಬಾಟಲಿಯ ಮೇಲೆ ದರ್ಭೆ ಇಟ್ಟಿದೆ. ಅವಳ ಅಕ್ಕ ಬಸುರಿ. ಗ್ರಹಣ ಬಿಡುವವರೆಗೆ ಮನೆಯಲ್ಲಿ ಅಕ್ಕನನ್ನು ಅಲುಗಾಡದ ಹಾಗೆ ಮಲಗಿಸಿದ್ದರಂತೆ.

"ಇವು ಕೂಡಾ ಬೆಳೆಯುವ ಜೀವ ಅಲ್ವಾ ಮೇಡಂ, ಗ್ರಹಣದಲ್ಲಿ ತಿರುಗಿಸುವುದು ಹೇಗೆ?" ಎಂದಳು.

ನಾನು ಬಾಯಿಗೆ ಬಂದಂತೆ ಬೈದೆ. ಪ್ರಯೋಗ ಕೆಟ್ಟಿತ್ತು, ಇನ್ನು ಮೊಟ್ಟೆ ಸಿಗುವುದು ಮುಂದಿನ ಮಳೆಗೇ.

ಬದುಕಿಯಾದರೂ ಕೊಳ್ಳಲಿ ಎಂದು ಮರಿಗಳನ್ನು ಅಗಲದ ಬೇಸಿನ್ನಿಗೆ ಸುರಿದೆ. ಗೊದಮೊಟ್ಟೆ ನೀರಿನ ಮೇಲಕ್ಕೆ ಬಂದು ಗುಟುಕು ಗಾಳಿ ಕುಡಿಯಬೇಕು. ಆಗಲೇ ಅದರ ಶ್ವಾಸಕೋಶ ಅರಳುವುದು. ತಿರುಗುತ್ತಲೇ ಬೆಳೆದ ಇವಕ್ಕೆ ಮೇಲೆ ಯಾವುದೆಂದೇ ತಿಳಿಯದು, ಬರಲಿಲ್ಲ. ಬಾಲ ಸೊಟ್ಟ ಮಾಡಿಕೊಂಡು ತಳದಲ್ಲೇ ಗಿರಗಿರ ಸುತ್ತಿದವು. ಅವಳು ಒಂದನ್ನು ಚಮಚದಲ್ಲಿ ಮೇಲಕ್ಕೆ ತಂದಳು. ಅದು ಸುತ್ತುತ್ತ ಮತ್ತೆ ಇಳಿಯಿತು. ಸಂಜೆಯ ಹೊತ್ತಿಗೆ ಹೆಚ್ಚಿನವು ಮಗುಚಿ ಬಿದ್ದಿದ್ದವು. ಗ್ರಹಣಕ್ಕೆಂದು ಯಂತ್ರ ನಿಂತ ಆ ಬಿಡುವು ಒಂದಕ್ಕಾದರೂ ಉಪಕಾರವಾಗಬಾರದಿತ್ತೇ ಎಂದು ನನಗೇ ಅನಿಸಿತು.

"ಮುಂದಿನ ಮಳೆಗೆ ಬೇರೆ ತರುವ ಮಾರಾಯ್ತಿ," ಎಂದೆ.

"ನಾನು ಇರುವುದಿಲ್ಲ ಮೇಡಂ. ಬಿ.ಕಾಂ. ಸೇರ್ತೇನೆ."

ಬಸ್ಸು ತಪ್ಪುತ್ತದೆ, ಹೊರಡು ಎಂದೆ. ಇನ್ನೂ ಒಂದು ಸುತ್ತುತ್ತಾ ಉಂಟು ಎಂದು ಅವಳು ಬೇಸಿನ್ನಿನ ಪಕ್ಕದಲ್ಲೇ ಕೂತಳು. ಅದು ನಿಲ್ಲುವವರೆಗೂ ಕೂತಿದ್ದು, ಆಮೇಲೆ ಹೋದಳು.