ನಡುಮನೆಯ ಗುಮ್ಮಟ

ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಬರೆಯುವವರನ್ನು ಕೇಳುವವರಿಲ್ಲ. ಯಶವಂತಪುರದಲ್ಲಿ ಅಂಗಡಿ ಬೋರ್ಡು, ಲಾರಿಯ ಹಿಂಭಾಗ ಬರೆದು ಬದುಕಿದ ನಾನು ಮನೆಗಳಿಗೆ ಬಣ್ಣ ಹೊಡೆಯತೊಡಗಿದೆ. ರೋಲರ್ ಹಿಡಿದ ಕೈ ಯಾರದಾದರೇನು, ಗೋಡೆಗೆ ಗೊತ್ತಾಗುವುದಿಲ್ಲ. ಹಾಗಾಗಿ ಶೆಟ್ಟಿಹಳ್ಳಿಯಲ್ಲಿ ಹಿಂದೆ ಹೊಲವಿದ್ದು ಈಗ ಬಿಲ್ಡರ್ ಆಗಿರುವವರೊಬ್ಬರು ಹೊಸ ಮನೆಯ ಚಾವಣಿಗೆ ಚಿತ್ರ ಬರೆಯಬೇಕೆಂದಾಗ ಏನು ಎತ್ತ ಎಂದು ಕೇಳದೆ ಒಪ್ಪಿಕೊಂಡೆ.

ಅವರು ಪ್ಯಾಕೇಜ್ ಟೂರಿನಲ್ಲಿ ರೋಮ್‌ಗೆ ಹೋಗಿಬಂದಿದ್ದರು. ಅಲ್ಲಿನ ಹಳೆಯ ಚರ್ಚೊಂದಕ್ಕೆ ಗುಮ್ಮಟ ಕಟ್ಟಲಾಗಲಿಲ್ಲವಂತೆ. ಚಿತ್ರಗಾರನೊಬ್ಬ ದೊಡ್ಡ ಬಟ್ಟೆಯ ಮೇಲೆ ಗುಮ್ಮಟವನ್ನೇ ಬರೆದು ಮೇಲೆ ಕೂರಿಸಿದ್ದಾನೆ: ಸುತ್ತ ಕಂಬಗಳು, ಅವುಗಳ ಮೇಲೆ ಒಳಗೊಳಗೆ ಬಾಗುವ ಕಮಾನು, ನೆತ್ತಿಯಲ್ಲಿ ಬೆಳಕಿನ ಕಿಂಡಿ. ನೆಲದಲ್ಲಿ ಒಂದು ದುಂಡನೆಯ ಗುರುತಿದೆ. ಅದರ ಮೇಲೆ ನಿಂತರೆ ಗುಮ್ಮಟ ನಿಜ. ನಾಲ್ಕು ಹೆಜ್ಜೆ ಸರಿದರೆ ವಾಲುತ್ತದೆ. ಇದನ್ನೆಲ್ಲ ಫೋನಿನಲ್ಲಿ ತೋರಿಸಿ, "ನಮ್ಮನೇಗೂ ಇದೇ ಬೇಕು ಕಣ್ರೀ. ಗುರುತು ಕರೆಕ್ಟಾಗಿ ಮನೆ ಮಧ್ಯಕ್ಕೇ ಬರ್ಲಿ" ಎಂದರು.

ಮಧ್ಯದಲ್ಲಿ ಕೋಲು ನಿಲ್ಲಿಸಿ, ಕಣ್ಣಿನ ಎತ್ತರಕ್ಕೆ ಮೊಳೆ ಹೊಡೆದು, ಅಲ್ಲಿಂದ ಚಾವಣಿಗೆ ದಾರ ಎಳೆದು ಒಂದೊಂದೇ ಗೆರೆ ಹಾಕಿದೆ. ಎರಡು ತಿಂಗಳು ಸಾರುವೆಯ ಮೇಲೆ ಅಂಗಾತ ಮಲಗಿದ್ದೆ. ಕೊನೆಯ ದಿನ ಸಾರುವೆ ಬಿಚ್ಚಿ ಗುರುತಿನ ಮೇಲೆ ನಿಂತು ನೋಡಿದರೆ ಚಾವಣಿಯೇ ಇರಲಿಲ್ಲ. ಹೆಂಡತಿಗೆ ಫೋನ್ ಮಾಡಿದೆ. ಊಟ ಆಯಿತಾ ಎಂದು ಕೇಳಿ ಇಟ್ಟೆ.

ಮರುದಿನ ವಾಸ್ತುವಿನವರು ಬಂದರು. ಮನೆಯ ನಟ್ಟನಡುವೆ ಬ್ರಹ್ಮಸ್ಥಾನ, ಅಲ್ಲಿ ಯಾರೂ ಕಾಲಿಡಕೂಡದು ಎಂದರು. ಆ ಜಾಗಕ್ಕೆ ಉರುಳಿ ಎನ್ನುವ ಅಗಲ ಬಾಯಿಯ ಹಿತ್ತಾಳೆ ಪಾತ್ರೆ ನೀರು ತುಂಬಿಕೊಂಡು ಬಂತು. ಗುಮ್ಮಟ ನೆಟ್ಟಗೆ ಕಾಣುವ ಒಂದೇ ಜಾಗದಲ್ಲಿ ಚೆಂಡುಹೂಗಳು ತೇಲತೊಡಗಿದವು.

ಗೃಹಪ್ರವೇಶಕ್ಕೆ ಬಂದವರೆಲ್ಲ ಸೋಫಾದಿಂದ, ಊಟದ ಮೇಜಿನಿಂದ ತಲೆಯೆತ್ತಿ ನೋಡಿ, ವಾಲಿದೆಯಲ್ಲ ಎಂದರು. ಭಾವಮೈದ ಒಬ್ಬರು ಸಿಮೆಂಟ್ ಕಡಿಮೆ ಹಾಕಿರಬೇಕು ಎಂದರು. ಮನೆ ಯಜಮಾನರ ಮುಖ ಸಣ್ಣಗಾಯಿತು. ಕೈ ತೊಳೆಯುವಲ್ಲಿಗೆ ನನ್ನನ್ನು ಕರೆದು, ನಾಡಿದ್ದು ಬಿಳಿ ಬಳಿದುಬಿಡಿ ಎಂದರು. ಅಳಿಸುವ ಮೊದಲು ಒಬ್ಬರೇ ಒಬ್ಬರು ಸರಿಯಾದ ಜಾಗದಿಂದ ನೋಡಿದ್ದರೆ ಸಾಕಿತ್ತು. ಉರುಳಿ ಸರಿಸಿ ಎನ್ನುವ ಧೈರ್ಯ ಮಾತ್ರ ಬರಲಿಲ್ಲ.

ಸಂಜೆ ನೆಂಟರು ಹೋದ ಮೇಲೆ ಯಜಮಾನರ ತಾಯಿ ಕೋಲೂರಿಕೊಂಡು ಅಡುಗೆಮನೆಯಿಂದ ಬಂದರು. ಮಧ್ಯಕ್ಕೆ ಬರಬೇಡ ಎಂದು ಮಗ ತಡೆದರು.

"ನಡುಮನೇಲಿ ನಡೀಬಾರ್ದು ಅಂದ್ರೆ ಆರ್ಕೊಂಡ್ ಓಗ್ಲಾ?" ಎಂದು ಅಜ್ಜಿ ಕೋಲಿನಿಂದಲೇ ಉರುಳಿಯನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿ, ಅಲ್ಲೇ ನಿಂತು ಸುಧಾರಿಸಿಕೊಂಡು, ಮೇಲೆ ನೋಡಿದರು. ತುಂಬ ಹೊತ್ತು ನೋಡಿದರು.

"ಲೋ, ಇಷ್ಟ್ ದೊಡ್ ತೂತು ಬಿಟ್ಟವ್ರಲ್ಲೋ. ಮಳೆ ಬಂದ್ರೆ ಮನೆಯೆಲ್ಲಾ ನೀರಾಗಲ್ವಾ?"

ಅದು ಬರೀ ಬಣ್ಣ ಎಂದು ಮಗ ಎಷ್ಟು ಹೇಳಿದರೂ ಅವರು ನಂಬಲಿಲ್ಲ. ನನ್ನ ಕಣ್ಣು ತುಂಬಿಬಂತು. ಹೋಮದ ಹೊಗೆ ಬೆಳಿಗ್ಗೆಯೇ ಕರಗಿದ್ದರಿಂದ ತಪ್ಪನ್ನು ಅದರ ಮೇಲೆ ಹಾಕುವಂತೆಯೂ ಇರಲಿಲ್ಲ.

ಹೇಳಿದ ದಿನ ನಾನೇ ಬಿಳಿ ಬಳಿದೆ. ಅಜ್ಜಿ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತು, ಅಂಚು ಸರಿಯಾಗಿ ಮುಚ್ಚಪ್ಪ, ಸೋರಬಾರದು ಎಂದು ಹೇಳುತ್ತಲೇ ಇದ್ದರು. ನಾನೂ ಅಂಚಿಗೆ ಎರಡು ಕೋಟು ಹೆಚ್ಚಾಗಿಯೇ ಹೊಡೆದೆ.